ನಾಯಿಮರಿಗೂ ಒಂದು ವಿಮಾನ, ಅದೂ ಪುಕ್ಕಟೆ!



ವರ್ಗಾವಣೆ ಅಂದರೇನು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಬ್ಬಳ್ಳಿಯಿಂದ ಪುಣೆಗೆ, ಮೈಸೂರಿನಿಂದ ದೆಹಲಿಗೆ, ಮಂಗಳೂರಿನಿಂದ ಮುಂಬಯಿಗೆ ಗಂಟುಮೂಟೆ ಕಟ್ಟಿಕೊಂಡು ಬಂದವರೇ ನಾವೆಲ್ಲ. ಪಾತ್ರೆ, ಪುಸ್ತಕ, ದೇವರ ಪಟ ಎಲ್ಲವೂ ಲಾರಿ ಹತ್ತುತ್ತವೆ. ಆದರೆ ಮನೆಯಲ್ಲಿ ಒಂದು ನಾಯಿಯೋ ಬೆಕ್ಕೋ ಇದ್ದರೆ? ಆಗ ಶುರುವಾಗುತ್ತದೆ ತಲೆನೋವು. ರೈಲಿನವರನ್ನು ಕೇಳು, ವಿಮಾನದವರನ್ನು ಕೇಳು, ಕೊನೆಗೆ ಪರಿಚಯದವರ ಕಾರಿಗೆ ಗಂಟುಬೀಳು. ಮನೆಯೂ ಇದೆ, ಮನೆಯವರೂ ಇದ್ದಾರೆ, ಆದರೂ ಪ್ರಾಣಿಯನ್ನು ಅಲ್ಲಿಗೆ ಮುಟ್ಟಿಸುವುದೇ ದೊಡ್ಡ ಕೆಲಸ.

ಈಗ ಇದನ್ನೇ ಸ್ವಲ್ಪ ಬೇರೆ ಥರ ಯೋಚಿಸಿ. ಒಂದು ಊರಿನಲ್ಲಿ ಒಂದು ನಾಯಿ ಇದೆ, ಅದನ್ನು ಸಾಕುವವರಿಲ್ಲ. ಸಾವಿರ ಕಿಲೋಮೀಟರ್ ಆಚೆ ಒಂದು ಮನೆ ಇದೆ, ಅಲ್ಲಿ ನಾಯಿ ಬೇಕು ಅಂತ ಕಾಯುತ್ತಿದ್ದಾರೆ. ನಡುವೆ ಬರೀ ದೂರ. ಆ ದೂರವನ್ನು ದಾಟಿಸುವವರು ಯಾರೂ ಸಿಗದಿದ್ದರೆ ನಾಯಿಗೆ ಉಳಿಯುವುದು ಸಾವೊಂದೇ. ಅಮೆರಿಕದಲ್ಲಿ ಹೀಗೆ ದಾಟಿಸುವ ಕೆಲಸಕ್ಕೆ ಸ್ವಂತ ವಿಮಾನ, ಸ್ವಂತ ಪೆಟ್ರೋಲು, ಸ್ವಂತ ರಜೆ ಹಾಕಿಕೊಂಡು ನಿಂತ ಪೈಲಟ್‌ಗಳಿದ್ದಾರೆ. ಈ ಸಲ ಅವರ ಕತೆ ಕೇಳೋಣ.

ದಕ್ಷಿಣದಲ್ಲಿ ಹೆಚ್ಚು, ಉತ್ತರದಲ್ಲಿ ಕಡಿಮೆ

ಮೊದಲಿಗೆ ಒಂದು ಪ್ರಶ್ನೆ. ನಾಯಿಯನ್ನು ಅದೇ ಊರಿನಲ್ಲಿ ಯಾರಿಗಾದರೂ ಕೊಡಬಹುದಲ್ಲ, ಸಾವಿರ ಕಿಲೋಮೀಟರ್ ಯಾಕೆ ಹಾರಿಸಬೇಕು?

ಅಮೆರಿಕದಲ್ಲಿ ಬೀದಿನಾಯಿ ನಮ್ಮಲ್ಲಿಯಂತೆ ಬೀದಿಯಲ್ಲೇ ಬಾಳುವುದಿಲ್ಲ. ಅದನ್ನು ಹಿಡಿದು ಆಶ್ರಯಧಾಮಕ್ಕೆ ಸೇರಿಸುತ್ತಾರೆ. ಅಲ್ಲಿ ಕೆಲವು ದಿನ ಕಾಯುತ್ತಾರೆ. ಹಳೆಯ ಮಾಲೀಕ ಬರಬಹುದು, ಇಲ್ಲವೇ ಹೊಸಬರು ಬಂದು ದತ್ತು ತೆಗೆದುಕೊಳ್ಳಬಹುದು. ಯಾರೂ ಬರದೆ, ಗೂಡುಗಳೂ ತುಂಬಿಹೋದರೆ ಅನೇಕ ಕಡೆ ಸೂಜಿಮದ್ದು ಕೊಟ್ಟು ಸಾಯಿಸುತ್ತಾರೆ. ಕೇಳಲು ಕಷ್ಟವಾಗುತ್ತದೆ, ಆದರೆ ಇದು ನಿಜ. ಪ್ರಾಣಿದಯೆಯ ಹಳೆಯ ಸಂಸ್ಥೆಯಾದ ಎಎಸ್‌ಪಿಸಿಎ ಅಂದಾಜಿನಂತೆ 2019ರಲ್ಲಿ ಸುಮಾರು 63 ಲಕ್ಷ ನಾಯಿ ಬೆಕ್ಕುಗಳು ಆಶ್ರಯಧಾಮಗಳಿಗೆ ಬಂದವು. ಅವುಗಳಲ್ಲಿ ಸುಮಾರು 9 ಲಕ್ಷ 20 ಸಾವಿರ ಪ್ರಾಣಿಗಳನ್ನು ಸಾಯಿಸಲಾಯಿತು. 2024ಕ್ಕೆ ಈ ಸಂಖ್ಯೆ ಸುಮಾರು 6 ಲಕ್ಷಕ್ಕೆ ಇಳಿದಿದೆ. ಸಮಾಧಾನದ ಸುದ್ದಿಯೇ, ಆದರೂ ಆರು ಲಕ್ಷ ಸಣ್ಣ ಸಂಖ್ಯೆಯೇನಲ್ಲ.

ಈ ಭಾರ ದೇಶದ ಎಲ್ಲ ಕಡೆ ಒಂದೇ ಸಮ ಇಲ್ಲ. ದಕ್ಷಿಣದ ರಾಜ್ಯಗಳಲ್ಲಿ ಹವೆ ಬೆಚ್ಚಗಿರುತ್ತದೆ, ಮರಿಗಳು ವರ್ಷವಿಡೀ ಹುಟ್ಟುತ್ತವೆ. ಹಳ್ಳಿಗಾಡಿನ ಜಿಲ್ಲೆಗಳಲ್ಲಿ ಸಂತಾನಹರಣ ಚಿಕಿತ್ಸೆ ಮಾಡುವ ಪಶುವೈದ್ಯರು ಕಡಿಮೆ, ಆಶ್ರಯಧಾಮಗಳಿಗೆ ಹಣವೂ ಕಡಿಮೆ. ಉತ್ತರದಲ್ಲಿ, ಅದರಲ್ಲೂ ಈಶಾನ್ಯದ ರಾಜ್ಯಗಳಲ್ಲಿ, ದಶಕಗಳ ಕಾಲ ಈ ಚಿಕಿತ್ಸೆಯನ್ನು ಪಟ್ಟುಹಿಡಿದು ಮಾಡಿದ್ದರಿಂದ ಬೇಡದ ಮರಿಗಳು ಹುಟ್ಟುವುದು ಬಹಳ ಕಡಿಮೆಯಾಗಿದೆ. ಅಲ್ಲಿನ ಎಷ್ಟೋ ಆಶ್ರಯಧಾಮಗಳಲ್ಲಿ ನಾಯಿಮರಿ ಕೇಳಿಕೊಂಡು ಬರುವವರೇ ಹೆಚ್ಚು, ಕೊಡಲು ಮರಿಗಳಿಲ್ಲ. ಅಂದರೆ ಒಂದು ಕಡೆ ಕೆರೆ ಕೋಡಿ ಬಿದ್ದಿದೆ, ಇನ್ನೊಂದು ಕಡೆ ಬಾವಿ ಬತ್ತಿದೆ. ನಡುವೆ ಒಂದು ಕಾಲುವೆ ಬೇಕು, ಅಷ್ಟೆ.

ಒಂದು ಡಾಬರ್‌ಮನ್‌ನಿಂದ ಶುರು

ಕಾಲುವೆ ಮೊದಲೂ ಇತ್ತು, ರಸ್ತೆಯ ಮೇಲೆ. ಒಬ್ಬ ಸ್ವಯಂಸೇವಕ ಒಂದು ಗಂಟೆಯ ದೂರ ಕಾರು ಓಡಿಸಿ ನಾಯಿಯನ್ನು ಮುಂದಿನವರ ಕೈಗೆ ಒಪ್ಪಿಸುವುದು, ಅವರು ಇನ್ನೊಬ್ಬರಿಗೆ. ಮದುವೆ ಮನೆಯಲ್ಲಿ ಪಂಕ್ತಿಯವರು ಬಕೆಟ್ ದಾಟಿಸಿದ ಹಾಗೆ. ಒಳ್ಳೆಯ ಉಪಾಯವೇ. ಆದರೆ ಹತ್ತು ಕಾರು, ಹತ್ತು ಅಪರಿಚಿತ ಮುಖ ಅಂದರೆ ಮೊದಲೇ ಹೆದರಿದ ನಾಯಿಗೆ ಅದೇ ಒಂದು ಶಿಕ್ಷೆ. ಸರಪಳಿಯಲ್ಲಿ ಒಬ್ಬರು ಕೈಕೊಟ್ಟರೂ ಇಡೀ ಪ್ರಯಾಣ ನಿಲ್ಲುತ್ತದೆ.

2008ರಲ್ಲಿ ದಕ್ಷಿಣ ಕೆರೊಲಿನಾ ರಾಜ್ಯದ ಡೆಬಿ ಬೋಯ್ಸ್ ಎಂಬ ಮಹಿಳೆ ಫ್ಲಾರಿಡಾದಲ್ಲಿದ್ದ ಒಂದು ಡಾಬರ್‌ಮನ್ ನಾಯಿಯನ್ನು ದತ್ತು ತೆಗೆದುಕೊಳ್ಳಲು ಒಪ್ಪಿದರು. ತರುವುದು ಹೇಗೆ? ಪರಿಚಯದವರಲ್ಲಿ ವಿಚಾರಿಸಿದಾಗ ಟೆನೆಸ್ಸಿಯ ಜಾನ್ ವೆಹ್ರೆನ್‌ಬರ್ಗ್ ಎಂಬವರು, ನನ್ನ ಹತ್ತಿರ ಸಣ್ಣ ವಿಮಾನ ಇದೆ, ನಾನೇ ತಂದುಕೊಡುತ್ತೇನೆ ಅಂದರು. ತಂದರು ಕೂಡ. ಇಂಥ ಅವಶ್ಯಕತೆ ಇನ್ನೆಷ್ಟು ನಾಯಿಗಳಿಗಿದೆ ಅಂತ ತಿಳಿದಾಗ ಅವರಿಗೆ ಆಶ್ಚರ್ಯವಾಯಿತು. ಹಾರಲು ನೆವ ಹುಡುಕುವ ಪೈಲಟ್‌ಗಳು ಬೇಕಾದಷ್ಟು ಜನ ಇದ್ದಾರೆ ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತು. ಇಬ್ಬರೂ ಸೇರಿ ಆ ವರ್ಷವೇ 'ಪೈಲಟ್ಸ್ ಎನ್ ಪಾಸ್' ಎಂಬ ಸಂಸ್ಥೆ ಕಟ್ಟಿದರು. ಹೆಸರಿನ ಅರ್ಥ ಸರಳ: ಪೈಲಟ್‌ಗಳು ಮತ್ತು ಪಂಜಗಳು.

ಈ ಸಂಸ್ಥೆ ತಾನೇ ವಿಮಾನ ಓಡಿಸುವುದಿಲ್ಲ. ಇದು ಪೈಲಟ್‌ಗೂ ಪ್ರಾಣಿರಕ್ಷಕರಿಗೂ ಗಂಟು ಹಾಕಿಸುವ ಮದುವೆ ದಳ್ಳಾಳಿಯ ಹಾಗೆ. ಇಂಥ ಊರಿನಿಂದ ಇಂಥ ಊರಿಗೆ ಇಷ್ಟು ತೂಕದ ನಾಯಿ ಹೋಗಬೇಕು ಅಂತ ರಕ್ಷಕರು ತಿಳಿಸುತ್ತಾರೆ. ಆ ದಾರಿಯಲ್ಲಿ ಹಾರಬಲ್ಲ ಪೈಲಟ್ ಕೈ ಎತ್ತುತ್ತಾನೆ. ದೂರ ಹೆಚ್ಚಾದರೆ ಇಬ್ಬರು ಮೂವರು ಪೈಲಟ್‌ಗಳು ಹಂಚಿಕೊಂಡು, ಒಬ್ಬ ಇಳಿದ ಕಡೆಯಿಂದ ಇನ್ನೊಬ್ಬ ಹಾರುತ್ತಾನೆ.

ಇದೇ ದಾರಿಯಲ್ಲಿ ಬೇರೆಯವರೂ ನಡೆದಿದ್ದಾರೆ. ಕ್ಯಾಲಿಫೋರ್ನಿಯದಲ್ಲಿ 2009ರ ಸುಮಾರಿಗೆ ಶುರುವಾದ 'ವಿಂಗ್ಸ್ ಆಫ್ ರೆಸ್ಕ್ಯೂ' ದೊಡ್ಡ ವಿಮಾನಗಳಲ್ಲಿ ಒಂದೇ ಸಲಕ್ಕೆ ಬಹಳಷ್ಟು ಪ್ರಾಣಿಗಳನ್ನು ಸಾಗಿಸುತ್ತದೆ. ಪೀಟರ್ ರೋರ್ಕ್ ಎಂಬ ನಿವೃತ್ತ ಮೂಳೆ ಡಾಕ್ಟರು 2012ರಲ್ಲಿ 'ಡಾಗ್ ಈಸ್ ಮೈ ಕೋಪೈಲಟ್' ಎಂಬ ಸಂಸ್ಥೆ ಶುರು ಮಾಡಿ ಪಶ್ಚಿಮದ ರಾಜ್ಯಗಳಲ್ಲಿ ಇದೇ ಕೆಲಸಕ್ಕೆ ಇಳಿದರು.

ನೂರು ಡಾಲರ್‌ನ ತಿಂಡಿ

ಪೈಲಟ್‌ಗಳಿಗೆ ಇದರಲ್ಲಿ ಏನು ಲಾಭ ಅಂತ ನೀವು ಕೇಳಬಹುದು. ನೇರ ಉತ್ತರ: ದುಡ್ಡಿನ ಲಾಭ ಸೊನ್ನೆ.

ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಕೊಡುವ ಖಾಸಗಿ ಪೈಲಟ್ ಲೈಸೆನ್ಸು ನಮ್ಮ ಕಾರಿನ ಬಿಳಿ ನಂಬರ್ ಪ್ಲೇಟಿನ ಹಾಗೆ. ಸ್ವಂತಕ್ಕೆ ಓಡಿಸಬಹುದು, ಬಾಡಿಗೆಗೆ ಓಡಿಸುವಂತಿಲ್ಲ. ಆದ್ದರಿಂದ ನಾಯಿ ಸಾಗಿಸಿದ್ದಕ್ಕೆ ಕೂಲಿ ಪಡೆಯುವ ಮಾತೇ ಇಲ್ಲ. ಇರುವುದು ಒಂದು ಸಣ್ಣ ಅನುಕೂಲ. ನೋಂದಾಯಿತ ಧರ್ಮಾರ್ಥ ಸಂಸ್ಥೆಯ ಕೆಲಸಕ್ಕಾಗಿ ಹಾರಿದ್ದರೆ ಇಂಧನದ ಖರ್ಚನ್ನು ದಾನ ಎಂದು ತೆರಿಗೆ ಲೆಕ್ಕದಲ್ಲಿ ತೋರಿಸಬಹುದು. ತನ್ನ ಸಮಯದ ಬೆಲೆ, ವಿಮಾನದ ಸವಕಳಿ, ವಿಮೆಯ ಕಂತು ಇವನ್ನೆಲ್ಲ ತೋರಿಸುವಂತಿಲ್ಲ.

ಹಾಗಾದರೆ ಯಾಕೆ ಹಾರುತ್ತಾರೆ? ಇದಕ್ಕೆ ಅಲ್ಲಿನ ಪೈಲಟ್‌ಗಳ ಒಂದು ತಮಾಷೆ ಮಾತು ಕೇಳಬೇಕು: 'ನೂರು ಡಾಲರ್‌ನ ಹ್ಯಾಂಬರ್ಗರ್'. ಹವ್ಯಾಸಕ್ಕೆ ವಿಮಾನ ಕಲಿತವರು ಭಾನುವಾರ ಪಕ್ಕದ ಊರಿನ ವಿಮಾನ ನಿಲ್ದಾಣಕ್ಕೆ ಹಾರಿ, ಅಲ್ಲಿನ ಹೋಟೆಲಿನಲ್ಲಿ ಐದಾರು ಡಾಲರ್‌ನ ತಿಂಡಿ ತಿಂದು ವಾಪಸಾಗುತ್ತಾರೆ. ಪೆಟ್ರೋಲು ಸೇರಿಸಿದರೆ ಆ ತಿಂಡಿಗೆ ನೂರು ಡಾಲರ್ ಬಿತ್ತು ಅಂತ ಲೆಕ್ಕ. ಮಸಾಲೆದೋಸೆಗಾಗಿ ಪುಣೆಯಿಂದ ಮಾಟುಂಗಕ್ಕೆ ಬರುವವರು ನಮ್ಮಲ್ಲೂ ಇದ್ದಾರಲ್ಲ, ಹಾಗೇ. ಕೈ ಪಳಗಿರಬೇಕಾದರೆ ಆಗಾಗ ಹಾರುತ್ತಿರಲೇಬೇಕು. ಮನುಷ್ಯ ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಸಲ ಏರಿ ಇಳಿದಿರಬೇಕು ಅಂತ ನಿಯಮವೇ ಇದೆ. ಹೇಗಿದ್ದರೂ ಹಾರುವವರು, ತಿಂಡಿಗೆ ಬದಲು ಒಂದು ಜೀವಕ್ಕಾಗಿ ಹಾರಿದರೆ? ಈ ಕೆಲಸದ ಗುಟ್ಟೆಲ್ಲ ಇರುವುದು ಇಷ್ಟರಲ್ಲೇ.

ಇನ್ನೊಂದು ಅನುಕೂಲವೂ ಇದೆ. ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನ ನಿಲ್ದಾಣಗಳು ಸುಮಾರು 5,000. ಟಿಕೆಟ್ ಕೊಂಡು ಹತ್ತುವ ದೊಡ್ಡ ವಿಮಾನಗಳು ಹೋಗುವುದು ಸುಮಾರು 500ಕ್ಕೆ ಮಾತ್ರ. ಉಳಿದವೆಲ್ಲ ಹೊಲದ ಪಕ್ಕದ ಪುಟ್ಟ ನಿಲ್ದಾಣಗಳು. ನಾಯಿ ಇರುವ ಹಳ್ಳಿಗೂ ನಾಯಿ ಹೋಗಬೇಕಾದ ಪೇಟೆಗೂ ಹತ್ತಿರದಲ್ಲಿ ಇಂಥದೊಂದು ಇದ್ದೇ ಇರುತ್ತದೆ. ನಮ್ಮ ದೇಶದಲ್ಲಿ ಇಂಥ ಕೆಲಸ ಯಾಕೆ ಬೆಳೆದಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಇಲ್ಲಿ ಸ್ವಂತ ವಿಮಾನ ಇರುವವರೂ ವಿರಳ, ಇಳಿಯುವ ಜಾಗಗಳೂ ವಿರಳ.

ಹಾರಾಟದ ದಿನ ಏನೇನು ನಡೆಯುತ್ತದೆ?

ನಾಯಿಗೆ ಮೊದಲು ಬೇಕಾದದ್ದು ಕಾಗದಪತ್ರ. ರಾಜ್ಯದ ಗಡಿ ದಾಟಬೇಕಾದರೆ ಪಶುವೈದ್ಯರ ಆರೋಗ್ಯ ಪತ್ರ, ವಯಸ್ಸಿಗೆ ತಕ್ಕಂತೆ ರೇಬಿಸ್ ಲಸಿಕೆಯ ದಾಖಲೆ ಸಾಮಾನ್ಯವಾಗಿ ಬೇಕು. ದಕ್ಷಿಣದಲ್ಲಿ ಸೊಳ್ಳೆಯಿಂದ ಹರಡುವ ಹೃದಯದ ಹುಳುವಿನ ಕಾಯಿಲೆ ಹೆಚ್ಚು, ಅದರ ಪರೀಕ್ಷೆಯೂ ಆಗಿರಬೇಕು. ಇಲ್ಲದಿದ್ದರೆ ನಾಯಿಯ ಜೊತೆ ಕಾಯಿಲೆಯೂ ಹೊಸ ಊರಿಗೆ ವರ್ಗವಾಗುತ್ತದೆ.

ಆಮೇಲೆ ತೂಕ. ಇಂಥ ಹಾರಾಟಕ್ಕೆ ಸಾಮಾನ್ಯವಾಗಿ ಬಳಸುವ ವಿಮಾನಗಳಲ್ಲಿ ಸೆಸ್ನಾ 172 ಒಂದು. ಪೈಲಟ್ ಸೇರಿ ನಾಲ್ಕೇ ಸೀಟು, ಗಂಟೆಗೆ ಸುಮಾರು 220 ಕಿಲೋಮೀಟರ್ ವೇಗ. ಟ್ಯಾಂಕು ತುಂಬಿಸಿ ಪೈಲಟ್ ಕೂತ ಮೇಲೆ ಸುಮಾರು 150 ಕಿಲೋ ಮಾತ್ರ ಹೊರಬಲ್ಲದು. ಎರಡು ದೊಡ್ಡ ನಾಯಿ, ಅವುಗಳ ಪೆಟ್ಟಿಗೆ, ಜೊತೆಗೊಬ್ಬ ಸಹಾಯಕ ಅಂದರೆ ಲೆಕ್ಕ ಮುಗಿಯಿತು. ಬರೀ ಒಟ್ಟು ತೂಕ ನೋಡಿದರೆ ಸಾಲದು. ಎಲ್ಲ ಭಾರವೂ ಹಿಂದಕ್ಕೆ ಸೇರಿದರೆ ಮೂಗು ಮೇಲೆದ್ದು ವಿಮಾನ ಹತೋಟಿ ತಪ್ಪಬಹುದು. ಅದಕ್ಕೇ ನಾಯಿಯ ತೂಕ ಎಷ್ಟೆಂದು ಮೊದಲೇ ಸರಿಯಾಗಿ ಹೇಳಬೇಕು. 'ಅಂದಾಜು ಇಪ್ಪತ್ತು ಕಿಲೋ' ಅಂದ ನಾಯಿ ನಿಲ್ದಾಣಕ್ಕೆ ಬಂದಾಗ ನಲವತ್ತು ಕಿಲೋ ಇದ್ದರೆ ಯಾರನ್ನಾದರೂ ಕೆಳಗೇ ಬಿಡಬೇಕಾಗುತ್ತದೆ.

ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸುವುದಿಲ್ಲ. ಘಾಟಿ ರಸ್ತೆಯ ಬಸ್ಸಿನಲ್ಲಿ ನಮಗಾಗುವುದೇ ನಾಯಿಗೂ ಆಗುತ್ತದೆ! ಮತ್ತು ಬರಿಸುವ ಔಷಧಿಯನ್ನು ಸುಮ್ಮನೆ ಕೊಡುವುದೂ ಸರಿಯಲ್ಲ, ಎತ್ತರದಲ್ಲಿ ಅದು ಉಸಿರಾಟಕ್ಕೆ ತೊಂದರೆ ಮಾಡಬಹುದು. ಇಂಥ ವಿಮಾನಗಳ ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರುವುದಿಲ್ಲ, ಹಾಗಾಗಿ ಬಹಳ ಎತ್ತರಕ್ಕೆ ಏರದೆ, ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತಾರೆ. ತಿರುಗುವ ಪ್ರೊಪೆಲ್ಲರ್ ನಾಯಿಯ ಕಣ್ಣಿಗೆ ಕಾಣುವುದೇ ಇಲ್ಲ, ಆದ್ದರಿಂದ ಎಂಜಿನ್ ಪೂರ್ತಿ ನಿಂತ ಮೇಲೆಯೇ ಹತ್ತಿಸುವುದು, ಇಳಿಸುವುದು. ಹಗ್ಗ ಕೈಯಿಂದ ಬಿಡುವಂತಿಲ್ಲ.

ಆಮೇಲೆ? ಹೆಚ್ಚಿನ ನಾಯಿಗಳು ಎಂಜಿನ್ನಿನ ಒಂದೇ ಸಮನೆಯ ಗುಂಯ್‌ಗುಡುವ ಸದ್ದಿಗೆ ಮಲಗಿಬಿಡುತ್ತವಂತೆ. ತೊಟ್ಟಿಲ ಮಕ್ಕಳ ಹಾಗೆ.

ಬಿರುಗಾಳಿ ಬಂದಾಗ

ಚಂಡಮಾರುತದ ಕಾಲದಲ್ಲಿ ಈ ಹಾರಾಟಗಳಿಗೆ ಬೇರೆಯೇ ಬೆಲೆ. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಸಾಕುಪ್ರಾಣಿಗಳನ್ನು ಬಿಟ್ಟು ಬರಲಾರೆವು ಅಂತ ಎಷ್ಟೋ ಜನ ಮನೆಯಲ್ಲೇ ಉಳಿದರು. ಆಮೇಲೆ ರಕ್ಷಿಸಿದ ಸಾವಿರಾರು ಪ್ರಾಣಿಗಳನ್ನು ದೇಶದ ಮೂಲೆಮೂಲೆಗೆ ಕಳಿಸಿದ್ದರಿಂದ ಅನೇಕ ಮಾಲೀಕರಿಗೆ ತಮ್ಮ ನಾಯಿ ಮತ್ತೆ ಸಿಗಲೇ ಇಲ್ಲ. ಈ ಪಾಠದಿಂದಾಗಿ 2006ರಲ್ಲಿ, ಜನರನ್ನು ಸ್ಥಳಾಂತರಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳೂ ಸೇರಿರಬೇಕು ಅಂತ ಕಾನೂನು ಬಂತು.

ಪೈಲಟ್‌ಗಳ ಕೆಲಸದಲ್ಲೂ ಒಂದು ಜಾಣತನ ಸೇರಿಕೊಂಡಿತು. 2017ರಲ್ಲಿ ಟೆಕ್ಸಸ್‌ಗೆ ಹಾರ್ವೆ, ಪೋರ್ಟೊರಿಕೊಗೆ ಮರಿಯಾ ಚಂಡಮಾರುತ ಅಪ್ಪಳಿಸಿದಾಗ ಪ್ರಾಣಿಗಳನ್ನು ವಿಮಾನದಲ್ಲಿ ಸಾಗಿಸಿದರು. ಇಂಥ ಹೊತ್ತಿನಲ್ಲಿ ಮೊದಲು ಹಾರಬೇಕಾದವು ಯಾವುವು ಗೊತ್ತೇ? ಬಿರುಗಾಳಿಗೆ ಮುಂಚೆಯೇ ಆಶ್ರಯಧಾಮದಲ್ಲಿ ಮನೆಗಾಗಿ ಕಾಯುತ್ತಿದ್ದ ಪ್ರಾಣಿಗಳು. ಅವು ಹೊರಟುಹೋದರೆ ಗೂಡು ಖಾಲಿಯಾಗುತ್ತದೆ. ನೆರೆಯಲ್ಲಿ ತಪ್ಪಿಸಿಕೊಂಡ ನಾಯಿ ಅದೇ ಊರಿನಲ್ಲಿ ಉಳಿದು, ಮಾಲೀಕರು ಹುಡುಕಿಕೊಂಡು ಬಂದಾಗ ಕೈಗೆ ಸಿಗುತ್ತದೆ.

ಅಪಾಯವೂ ಇದೆ

ಇದೆಲ್ಲ ಕೇಳಲು ಚೆಂದ. ಆದರೆ ಸಣ್ಣ ವಿಮಾನ ಅಂದರೆ ಆಟದ ಸಾಮಾನಲ್ಲ. 2024ರ ನವೆಂಬರ್ 24ರಂದು ಮೇರಿಲ್ಯಾಂಡ್‌ನಿಂದ ನ್ಯೂಯಾರ್ಕ್ ರಾಜ್ಯದ ಆಲ್ಬನಿಗೆ ಮೂರು ನಾಯಿಗಳನ್ನು ಒಯ್ಯುತ್ತಿದ್ದ ಪುಟ್ಟ ವಿಮಾನ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿ ಬಿದ್ದುಹೋಯಿತು. ಒಬ್ಬರೇ ಹಾರಿಸುತ್ತಿದ್ದ ಸ್ವಯಂಸೇವಕ ಪೈಲಟ್ ತೀರಿಕೊಂಡರು. ಅವರು ಹೀಗೆ ನಾಯಿಗಳನ್ನು ಮುಟ್ಟಿಸಿದ್ದು ಅದೇ ಮೊದಲೇನೂ ಅಲ್ಲ. ಒಂದು ನಾಯಿಯೂ ಸತ್ತಿತು. ಇನ್ನೆರಡು ಹಿಮದಲ್ಲಿ ಜೀವಂತವಾಗಿ ಸಿಕ್ಕವು.

ಇಂಥ ಸುದ್ದಿ ಬಂದಾಗ ಅನುಭವಿ ಪೈಲಟ್‌ಗಳು ಮತ್ತೆ ಮತ್ತೆ ನೆನಪಿಸುವ ಮಾತೊಂದಿದೆ: 'ಹೇಗಾದರೂ ತಲುಪಲೇಬೇಕು' ಎಂಬ ಹಟ ಒಳ್ಳೆಯದಲ್ಲ. ಅತ್ತ ಹೊಸ ಮನೆಯವರು ಕಾದು ನಿಂತಿದ್ದಾರೆ, ಇತ್ತ ಮೋಡ ಕವಿಯುತ್ತಿದೆ. ಆಗ ಇವತ್ತು ಆಗುವುದಿಲ್ಲ ಎನ್ನಲು ಧೈರ್ಯ ಬೇಕು. ಅದಕ್ಕಾಗಿಯೇ ಹಾರುವುದೋ ಬಿಡುವುದೋ ಎಂಬ ತೀರ್ಮಾನ ಪೈಲಟ್‌ನದು ಮಾತ್ರ, ಅದನ್ನು ಯಾರೂ ಪ್ರಶ್ನಿಸುವಂತಿಲ್ಲ. ಒಳ್ಳೆಯ ರಕ್ಷಕರು ಹಾರಾಟ ರದ್ದಾದರೆ ನಾಯಿಯನ್ನು ಒಂದೆರಡು ದಿನ ಇಟ್ಟುಕೊಳ್ಳುವ ಮನೆಯನ್ನು ಮೊದಲೇ ನೋಡಿಟ್ಟಿರುತ್ತಾರೆ.

ಅಷ್ಟು ದುಡ್ಡಿಗೆ ಬೇರೆ ಕೆಲಸ ಆಗುತ್ತಿರಲಿಲ್ಲವೇ?

ಈ ಪ್ರಶ್ನೆಯನ್ನೂ ಕೇಳಲೇಬೇಕು. ಒರಟು ಲೆಕ್ಕ ಹಾಕೋಣ. ಸೆಸ್ನಾ 172 ಗಂಟೆಗೆ 30 ಲೀಟರಿಗೂ ಹೆಚ್ಚು ಇಂಧನ ಕುಡಿಯುತ್ತದೆ, ಅಂದರೆ ಗಂಟೆಗೆ ಸುಮಾರು 50 ಡಾಲರ್. ಸಾವಿರ ಕಿಲೋಮೀಟರ್ ಹೋಗಲು ಐದು ಗಂಟೆ, ಖಾಲಿ ವಿಮಾನ ವಾಪಸು ಬರಲು ಇನ್ನೈದು. ಒಟ್ಟು 500 ಡಾಲರ್. ನಾಲ್ಕು ನಾಯಿ ಹೋದರೆ ತಲೆಗೆ 125 ಡಾಲರ್ ಬಿತ್ತು. ಅದೇ ಹಣದಲ್ಲಿ ದಕ್ಷಿಣದ ಹಳ್ಳಿಯಲ್ಲಿ ಕಡಿಮೆ ದರದ ಸಂತಾನಹರಣ ಚಿಕಿತ್ಸೆ ಮಾಡಿಸಿದ್ದರೆ ಮುಂದೆ ಹುಟ್ಟುವ ಎಷ್ಟೋ ಅನಾಥ ಮರಿಗಳು ತಪ್ಪುತ್ತಿದ್ದವಲ್ಲ? ಹೊರಗೆ ಸಾಗಿಸುತ್ತಾ ಹೋದರೆ ಸ್ಥಳೀಯರಿಗೆ ಸಮಸ್ಯೆಯ ಬಿಸಿಯೇ ತಟ್ಟುವುದಿಲ್ಲ ಅಂತಲೂ ಟೀಕಿಸುವವರಿದ್ದಾರೆ.

ಈ ಮಾತಿನಲ್ಲಿ ಸತ್ಯ ಇದೆ. ನಲ್ಲಿ ತೆರೆದಿಟ್ಟು ನೆಲ ಒರೆಸಿದರೆ ಪ್ರಯೋಜನವಿಲ್ಲ. ಆದರೆ ಪೈಲಟ್ ತಿಂಡಿಗೆಂದು ಹೇಗೂ ಸುಡುತ್ತಿದ್ದ ಪೆಟ್ರೋಲು ಚಿಕಿತ್ಸೆಯ ಹಣವಾಗಿ ಬರುತ್ತಿತ್ತು ಅಂತೇನೂ ಇಲ್ಲ. ಇವತ್ತು ಗೂಡಿನಲ್ಲಿ ಕೂತ ನಾಯಿಗೆ ಮುಂದಿನ ವರ್ಷದ ಯೋಜನೆಯಿಂದ ಉಪಯೋಗವೂ ಇಲ್ಲ. ಎರಡೂ ಬೇಕು. ಅದಕ್ಕೇ ವಿವೇಕವುಳ್ಳ ಸಂಸ್ಥೆಗಳು ನಾಯಿ ಕಳಿಸುವ ಊರಿನಲ್ಲಿ ಸಂತಾನಹರಣ ಚಿಕಿತ್ಸೆಯೂ ನಡೆಯಲಿ ಅಂತ ನೆರವಾಗುತ್ತವೆ. ಉತ್ತರದ ಗೂಡುಗಳು ಖಾಲಿಯಾದದ್ದು ವಿಮಾನದಿಂದ ಅಲ್ಲ, ಚಿಕಿತ್ಸೆಯಿಂದ ಅನ್ನುವುದನ್ನು ಮರೆಯಬಾರದು.

ನಮಗೇನು?

ನಮ್ಮ ದೇಶದಲ್ಲಿ 2001ರ ನಿಯಮಗಳಾಗಲಿ ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳಾಗಲಿ ಹೇಳಿದ್ದು ಒಂದೇ: ಬೀದಿನಾಯಿಗೆ ಚಿಕಿತ್ಸೆ, ಲಸಿಕೆ ಮಾಡಿಸಿ ಅದೇ ಜಾಗಕ್ಕೆ ಬಿಡಬೇಕು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿರುವ ನಾಯಿಗಳನ್ನು ಆಶ್ರಯಧಾಮಗಳಿಗೆ ಸೇರಿಸಬೇಕು, ಮತ್ತೆ ಅಲ್ಲಿಗೇ ಬಿಡಬಾರದು ಅಂತ ಆದೇಶಿಸಿತು. ಹಾಗಾಗಿ ಗೂಡು ತುಂಬುವ ಮಾತು ಅಮೆರಿಕಕ್ಕಷ್ಟೇ ಸೇರಿದ್ದಲ್ಲ. ಗೂಡು ತುಂಬಿದ ಮೇಲೆ ಮುಂದೇನು ಅನ್ನುವ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ.

ಸ್ವಂತ ವಿಮಾನ ಇಲ್ಲದ ನಮ್ಮಂಥವರಿಗೂ ಇದರಲ್ಲಿ ಒಂದು ಪಾತ್ರ ಇದೆ. ಮುಂಬಯಿ, ದೆಹಲಿಯಂಥ ಊರುಗಳಲ್ಲಿ ರಕ್ಷಿಸಿದ ಕೆಲವು ನಾಡನಾಯಿಗಳು ವಿದೇಶದ ಮನೆಗಳಿಗೆ ದತ್ತು ಹೋಗುತ್ತವೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಯಾರಾದರೂ ತಮ್ಮ ಟಿಕೆಟ್ಟಿನ ಜೊತೆ ನಾಯಿಯನ್ನೂ ಸೇರಿಸಿಕೊಂಡರೆ ಅದು ಸುಲಭವಾಗಿ ತಲುಪುತ್ತದೆ. ಖರ್ಚು, ಕಾಗದಪತ್ರ ರಕ್ಷಕರದು. ಆದರೆ ನಿಯಮ ಬಿಗಿಯಾಗಿದೆ. ರೇಬಿಸ್ ಭಯದಿಂದ ಕೆನಡಾ 2022ರ ಸೆಪ್ಟೆಂಬರ್ 28ರಿಂದ ಭಾರತವೂ ಸೇರಿದಂತೆ ಅನೇಕ ದೇಶಗಳಿಂದ ದತ್ತಿನ ನಾಯಿಗಳು ಬರುವುದನ್ನು ನಿಲ್ಲಿಸಿತು. ಅಮೆರಿಕ 2024ರ ಆಗಸ್ಟ್ 1ರಿಂದ, ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು, ಭಾರತದಂಥ ದೇಶದಿಂದ ಬರುವುದಾದರೆ ಲಸಿಕೆಯ ದಾಖಲೆಗಳೂ ಪಕ್ಕಾ ಇರಬೇಕು ಅಂತ ಗೊತ್ತುಮಾಡಿದೆ. ಒಪ್ಪುವ ಮುಂಚೆ ಸಂಸ್ಥೆಯನ್ನು ಚೆನ್ನಾಗಿ ವಿಚಾರಿಸಿ, ಕಾಗದ ನಿಮ್ಮ ಕಣ್ಣಿನಿಂದಲೇ ನೋಡಿ. ಗುರುತಿಲ್ಲದವರು ಕೊಟ್ಟ ಪೆಟ್ಟಿಗೆ ಹಿಡಿದು ಹೋಗಬೇಡಿ.

ಇಷ್ಟು ದೂರದ್ದೂ ಬೇಡ ಅಂದರೆ, ನಿಮ್ಮ ಓಣಿಯ ನಾಯಿಯನ್ನು ಚಿಕಿತ್ಸೆಗೆ ಒಯ್ಯಲು ಒಂದು ದಿನ ಕಾರು ಕೊಡಬಹುದು. ಊರು ಬಿಡುವ ನೆರೆಮನೆಯವರ ಬೆಕ್ಕನ್ನು ಹೊಸ ಮನೆ ಸಿಗುವ ತನಕ ಎರಡು ವಾರ ಇಟ್ಟುಕೊಳ್ಳಬಹುದು. ಆ ಪೈಲಟ್ ಮಾಡಿದ್ದೂ ಇಷ್ಟೇ. ತನ್ನಲ್ಲಿ ಏನಿತ್ತೋ ಅದನ್ನೇ ಕೊಟ್ಟ. ಹನಿಹನಿಗೂಡಿದರೆ ಹಳ್ಳ.

ನಮ್ಮ ಕೇಳುಗರಲ್ಲಿ ಯಾರಾದರೂ ಹೀಗೆ ನಾಯಿ ಬೆಕ್ಕುಗಳನ್ನು ಊರಿಂದೂರಿಗೆ ಮುಟ್ಟಿಸಿದ್ದರೆ ಖಂಡಿತ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ, ಕೇಳುತ್ತಾ ಇರಿ, ಕನ್ನಡದಲ್ಲೇ ಮಾತಾಡುತ್ತಾ ಇರಿ.